ಎಣಿಕೆಗೆ ಬಾರದವರು

ಎಣಿಸುವುದು ಎಲ್ಲರಿಗೂ ಬರುವ ವಿದ್ಯೆ ಎಂದು ನಾವು ತಿಳಿದಿದ್ದೇವೆ. ಮಗುವಿಗೆ ಮಾತು ಬಂದ ಕೂಡಲೇ ಕೈಬೆರಳು ಹಿಡಿದು ಒಂದು, ಎರಡು, ಮೂರು ಹೇಳಿಕೊಡುತ್ತೇವೆ. ಅಜ್ಜಿ ಹಪ್ಪಳ ಒಣಹಾಕಿ ಎಣಿಸುತ್ತಾಳೆ. ಕುರಿ ಕಾಯುವವನು ಸಂಜೆ ದೊಡ್ಡಿಯ ಬಾಗಿಲಲ್ಲಿ ನಿಂತು ಎಣಿಸುತ್ತಾನೆ. ಇಷ್ಟು ಸುಲಭವಾದ ಕೆಲಸದ ಮೇಲೆ ಒಂದು ಭಾಷಣವೇ ಬೇಕೆ ಎಂದು ತಾವು ಕೇಳಬಹುದು. ಆದರೆ ಆ ಕುರಿ ಕಾಯುವವನನ್ನೇ ತುಸು ಗಮನಿಸಿ. ದೊಡ್ಡಿಯೊಳಗೆ ಬಂದ ಕುರಿಗಳನ್ನು ಎಣಿಸಿ ಅವನು ಸುಮ್ಮನಾಗುವುದಿಲ್ಲ. ಬೆಳಿಗ್ಗೆ ಎಷ್ಟು ಹೊರಟವು ಎಂಬ ಲೆಕ್ಕವೂ ಅವನ ಮನಸ್ಸಿನಲ್ಲಿ ಇರುತ್ತದೆ. ಎರಡು ಲೆಕ್ಕಗಳನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡಿದಾಗಲೇ ಹಳ್ಳದ ಆಚೆ ಉಳಿದುಹೋದ ಮರಿಯ ನೆನಪು ಬರುವುದು. ಬಂದವನ್ನು ಎಣಿಸುವುದು ಸುಲಭ. ಬಾರದ್ದನ್ನು ಎಣಿಸುವುದಕ್ಕೆ ಎಚ್ಚರ ಬೇಕು.

ಈ ಹೊತ್ತು ನಾನು ಹೇಳಹೊರಟಿರುವುದು ಕಂಪ್ಯೂಟರಿನ ಎಣಿಕೆಯ ವಿಷಯ. ಬ್ಯಾಂಕು, ಆಸ್ಪತ್ರೆ, ರೈಲ್ವೆ, ಪಡಿತರದ ಅಂಗಡಿ, ಹೀಗೆ ಎಲ್ಲದರ ಲೆಕ್ಕವೂ ಈಗ ಡೇಟಾಬೇಸ್ ಎಂಬ ಭಂಡಾರದಲ್ಲಿ ಕೂತಿದೆ. ಆ ಭಂಡಾರದಿಂದ ಬೇಕಾದ ಲೆಕ್ಕವನ್ನು ಕೇಳಿ ಪಡೆಯುವ ಭಾಷೆಗೆ ಎಸ್. ಕ್ಯೂ. ಎಲ್. ಎಂದು ಹೆಸರು. ನಾನು ಅದನ್ನು ಕಸುಬಿಗಾಗಿ ಕಲಿತವನು. ಅದರ ವ್ಯಾಕರಣವನ್ನು ಪುಸ್ತಕ ನೋಡಿ ಕಲಿತೆ. ಅದರಲ್ಲಿ ಎಣಿಸುವ ಬಗೆಯನ್ನು ಕಲಿಸಿದವರು ಮಾತ್ರ ಹಳ್ಳಿಯ ಒಬ್ಬ ಹೆಂಗಸು ಮತ್ತು ಒಬ್ಬ ವಯಸ್ಸಾದ ಕಾರ್ಯದರ್ಶಿ. ಆ ಕಥೆಯನ್ನೇ ತಮ್ಮ ಮುಂದೆ ಇಡುತ್ತೇನೆ.

ಅದಕ್ಕೆ ಮೊದಲು ಈ ವಿದ್ಯೆ ಬಂದ ದಾರಿಯನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಅಮೆರಿಕದಲ್ಲಿ 1890ರ ಜನಗಣತಿಗೆ ಹರ್ಮನ್ ಹಾಲೆರಿತ್ ಎಂಬಾತನ ಯಂತ್ರಗಳನ್ನು ಉಪಯೋಗಿಸಿದರು. ಒಬ್ಬೊಬ್ಬ ಮನುಷ್ಯನಿಗೂ ಒಂದೊಂದು ರಟ್ಟಿನ ಚೀಟಿ. ಅವನ ವಯಸ್ಸು, ಲಿಂಗ, ಕಸುಬು ಎಲ್ಲವೂ ಅದರಲ್ಲಿ ಕೊರೆದ ತೂತುಗಳು. ತೂತಿನ ಮೂಲಕ ವಿದ್ಯುತ್ತು ಹರಿದರೆ ಲೆಕ್ಕದ ಮುಳ್ಳು ಒಂದು ಮನೆ ಮುಂದೆ ಸರಿಯುತ್ತಿತ್ತು. ಹಾಲೆರಿತನ ಕಂಪೆನಿ 1911ರಲ್ಲಿ ಬೇರೆ ಕೆಲವು ಕಂಪೆನಿಗಳೊಡನೆ ಕೂಡಿಕೊಂಡು, 1924ರಲ್ಲಿ ಐ. ಬಿ. ಎಂ. ಎಂದು ಹೆಸರು ಪಡೆಯಿತು. ಅದೇ ಐ. ಬಿ. ಎಂ. ಸಂಸ್ಥೆಯಲ್ಲಿ ಕೆಲಸ ಮಾಡುತ್ತಿದ್ದ ಎಡ್ಗರ್ ಕಾಡ್ ಎಂಬ ಗಣಿತಜ್ಞ 1970ರಲ್ಲಿ ಒಂದು ಪ್ರಬಂಧ ಬರೆದು, ಎಷ್ಟೇ ದೊಡ್ಡ ಲೆಕ್ಕವನ್ನಾದರೂ ಸಾಲು ಮತ್ತು ಕಲಮುಗಳಿರುವ ಸರಳವಾದ ಪಟ್ಟಿಗಳಲ್ಲಿ ಇಡಬಹುದು, ಪಟ್ಟಿಗಳನ್ನು ಬೇಕಾದಂತೆ ಜೋಡಿಸಿ ಯಾವ ಪ್ರಶ್ನೆಯನ್ನಾದರೂ ಕೇಳಬಹುದು ಎಂದು ತೋರಿಸಿಕೊಟ್ಟ. ಅದೇ ಸಂಸ್ಥೆಯ ಡೊನಾಲ್ಡ್ ಚೇಂಬರ್ಲಿನ್ ಮತ್ತು ರೇಮಂಡ್ ಬಾಯ್ಸ್ ಎಂಬ ಇಬ್ಬರು 1974ರಲ್ಲಿ ಹಾಗೆ ಕೇಳುವುದಕ್ಕೆ ತಕ್ಕ ಭಾಷೆಯೊಂದನ್ನು ಪ್ರಕಟಿಸಿದರು. ಅದೇ ಬೆಳೆದು ಎಸ್. ಕ್ಯೂ. ಎಲ್. ಆಯಿತು; 1986ರಲ್ಲಿ ಅಮೆರಿಕದಲ್ಲಿಯೂ 1987ರಲ್ಲಿ ಅಂತರರಾಷ್ಟ್ರೀಯವಾಗಿಯೂ ಅದರ ಪ್ರಮಾಣ ಗೊತ್ತಾಯಿತು. ಐವತ್ತು ವರ್ಷ ಕಳೆದರೂ ಆ ಭಾಷೆ ಹಳತಾಗಿಲ್ಲ.

ಇನ್ನು ನನ್ನ ಕಥೆ. ಒಂದು ಹಳ್ಳಿಯ ಹಾಲು ಉತ್ಪಾದಕರ ಸಹಕಾರ ಸಂಘ. ಊರವರ ಬಾಯಲ್ಲಿ ಅದು ಬರಿಯ ‘ಡೈರಿ’. ಬೆಳಿಗ್ಗೆ ಒಂದು ಹೊತ್ತು, ಸಂಜೆ ಒಂದು ಹೊತ್ತು ಜನ ಪಾತ್ರೆ ಹಿಡಿದು ಸಾಲುಗಟ್ಟುತ್ತಾರೆ. ಹಾಲನ್ನು ಅಳೆದು, ಜಿಡ್ಡು ನೋಡಿ, ಚೀಟಿ ಕೊಡುತ್ತಾರೆ. ಸದಸ್ಯರು 212 ಜನ. ಅಲ್ಲಿಯ ಲೆಕ್ಕವನ್ನು ಕಂಪ್ಯೂಟರಿಗೆ ಏರಿಸುವ ಕೆಲಸ ನನ್ನ ಪಾಲಿಗೆ ಬಂತು.

ನಾನು ಮೂರು ಪಟ್ಟಿಗಳನ್ನು ಮಾಡಿದೆ. ಇವಕ್ಕೆ ನಮ್ಮವರು ಟೇಬಲ್ ಎನ್ನುತ್ತಾರೆ. ಒಂದು ಸದಸ್ಯರ ಟೇಬಲ್: ಸದಸ್ಯ ಸಂಖ್ಯೆ, ಹೆಸರು, ಕೇರಿ. ಎರಡನೆಯದು ಹಾಲಿನ ಟೇಬಲ್: ಚೀಟಿಯ ಸಂಖ್ಯೆ, ತಾರೀಖು, ಹೊತ್ತು, ಸದಸ್ಯ ಸಂಖ್ಯೆ, ಲೀಟರು. ಮೂರನೆಯದು ಸಾಲದ ಟೇಬಲ್: ಸದಸ್ಯ ಸಂಖ್ಯೆ, ಸಾಲದ ಮೊತ್ತ. ಹಾಲಿನ ಟೇಬಲ್ಲಿನಲ್ಲಿ ಹೆಸರು ಏಕಿಲ್ಲ ಎಂದರೆ, ದಿನಕ್ಕೆ ಎರಡು ಸಲ ಹೆಸರು, ಕೇರಿ ಎಲ್ಲವನ್ನೂ ಬರೆಯುತ್ತ ಹೋದರೆ ಒಂದು ದಿನ ತಪ್ಪಾಗಿಯೇ ತೀರುತ್ತದೆ. ಹೆಸರು ಒಂದು ಕಡೆ ಇರಲಿ, ಉಳಿದ ಕಡೆಗಳಲ್ಲಿ ಸಂಖ್ಯೆ ಸಾಕು. ಬೇಕಾದಾಗ ಸಂಖ್ಯೆಯ ಹಿಡಿಕೆ ಹಿಡಿದು ಎರಡು ಟೇಬಲ್ಲುಗಳನ್ನು ಜೋಡಿಸಿಕೊಳ್ಳಬಹುದು. ಈ ಜೋಡಣೆಗೆ ಜಾಯಿನ್ ಎಂದು ಹೆಸರು.

ಇನ್ನು ಗುಂಪು ಮಾಡುವುದು. ಹಳೆಯ ಕಾಲದ ಅಂಗಡಿಗಳಲ್ಲಿ ಕಿರ್ದಿ ಮತ್ತು ಖಾತೆ ಎಂದು ಎರಡು ಪುಸ್ತಕಗಳು ಇರುತ್ತಿದ್ದುದು ಹಿರಿಯರಿಗೆ ತಿಳಿದೇ ಇದೆ. ಕಿರ್ದಿಯಲ್ಲಿ ನಡೆದದ್ದು ನಡೆದ ಹಾಗೆ, ದಿನದ ಮೇರೆಗೆ ಬರೆಯುವುದು; ಖಾತೆಯಲ್ಲಿ ಅದನ್ನೇ ಆಸಾಮಿವಾರು ವಿಂಗಡಿಸುವುದು. ಕಂಪ್ಯೂಟರಿಗೆ ‘ಗ್ರೂಪ್ ಬೈ’ ಎಂದು ಹೇಳಿದರೆ ಅದು ಕಿರ್ದಿಯನ್ನು ಖಾತೆಗೆ ಹತ್ತಿಸುತ್ತದೆ, ಅಷ್ಟೆ. ಚೀಟಿಗಳನ್ನೆಲ್ಲ ಸದಸ್ಯ ಸಂಖ್ಯೆಯ ಮೇರೆಗೆ ರಾಶಿ ಹಾಕುತ್ತದೆ. ‘ಕೌಂಟ್’ ಎಂದರೆ ಒಂದೊಂದು ರಾಶಿಯಲ್ಲಿ ಎಷ್ಟು ಚೀಟಿ ಎಂದು ಎಣಿಸುತ್ತದೆ. ಕಿರ್ದಿಯ ಹತ್ತು ಸಾವಿರ ಸಾಲು ಕಣ್ಣು ಮಿಟುಕಿಸುವುದರೊಳಗೆ ಇನ್ನೂರು ಸಾಲಿನ ಖಾತೆಯಾಗುತ್ತದೆ.

ಇಲ್ಲಿ ಒಂದು ಸಣ್ಣ ಎಚ್ಚರಿಕೆ. ರಾಶಿಯನ್ನು ಹೆಸರಿನ ಮೇಲೆ ಹಾಕಬಾರದು, ಸಂಖ್ಯೆಯ ಮೇಲೆಯೇ ಹಾಕಬೇಕು. ನಮ್ಮ ಹಳ್ಳಿಗಳಲ್ಲಿ ಗ್ರಾಮದೇವತೆಯ ಹೆಸರನ್ನು ಇಟ್ಟುಕೊಂಡವರು ಒಂದೊಂದು ಕೇರಿಗೂ ಇಬ್ಬರು ಮೂವರು ಇರುತ್ತಾರೆ. ಹೆಸರಿನ ಮೇಲೆ ಗುಂಪು ಮಾಡಿದರೆ ನಾಲ್ಕು ಮನೆಯ ಹಾಲು ಒಂದೇ ಪಾತ್ರೆಗೆ ಬಿದ್ದಂತೆ.

ಆ ವರ್ಷ ಊರಿಗೆ ಕಾಲುಬಾಯಿ ಜ್ವರ ಬಂತು. ಹಸುಗಳು ಮೇವು ಮುಟ್ಟಲಿಲ್ಲ; ಹಾಲು ಇಳಿಯಿತು. ಆಡಳಿತ ಮಂಡಳಿಯವರು ಸೇರಿ ಒಂದು ನಿರ್ಣಯ ಮಾಡಿದರು. ತಿಂಗಳಿಗೆ ಅರುವತ್ತು ಹೊತ್ತು ಇದ್ದರೆ, ಹದಿನೈದು ಹೊತ್ತಿಗಿಂತ ಕಡಿಮೆ ಹಾಲು ಹಾಕಿದ ಮನೆಗಳಿಗೆ ಒಂದೊಂದು ಮೂಟೆ ಹಿಂಡಿ ಕೊಡಬೇಕು ಎಂದು. ಪಟ್ಟಿ ಮಾಡಿಕೊಡಿ ಎಂದು ನನಗೆ ಹೇಳಿದರು. ನನಗೆ ಇದು ಎಡಗೈಯ ಕೆಲಸ. ಸದಸ್ಯರ ಟೇಬಲ್ಲನ್ನು ಹಾಲಿನ ಟೇಬಲ್ಲಿಗೆ ಜಾಯಿನ್ ಮಾಡಿದೆ. ಆ ತಿಂಗಳ ಚೀಟಿಗಳು ಮಾತ್ರ ಸಾಕು ಎಂದು ‘ವೇರ್’ ಹಾಕಿದೆ. ಸದಸ್ಯ ಸಂಖ್ಯೆಯ ಮೇಲೆ ಗುಂಪು ಮಾಡಿ ಎಣಿಸಿದೆ. ಎಣಿಕೆ ಹದಿನೈದಕ್ಕೆ ಕಡಿಮೆ ಇರುವ ರಾಶಿಗಳನ್ನು ಮಾತ್ರ ಉಳಿಸು ಎಂದು ‘ಹ್ಯಾವಿಂಗ್’ ಹಾಕಿದೆ. ಇವೆರಡಕ್ಕೂ ಇರುವ ಭೇದ ಇಷ್ಟೆ: ವೇರ್ ಎಂಬುದು ರಾಶಿ ಹಾಕುವ ಮೊದಲು ಚೀಟಿಗಳನ್ನು ಜರಡಿ ಹಿಡಿಯುತ್ತದೆ, ಹ್ಯಾವಿಂಗ್ ಎಂಬುದು ರಾಶಿ ಬಿದ್ದ ಮೇಲೆ ರಾಶಿಗಳನ್ನು ಜರಡಿ ಹಿಡಿಯುತ್ತದೆ. ಇಪ್ಪತ್ತಮೂರು ಹೆಸರು ಬಂದವು. ಮಾರನೆಯ ದಿನ ಡೈರಿಯ ಜಗಲಿಯ ಮೇಲೆ ಕಾರ್ಯದರ್ಶಿ ಅವನ್ನು ಓದಿದರು.

ಓದಿ ಮುಗಿದ ಮೇಲೆ ಹಿಂದುಗಡೆ ನಿಂತಿದ್ದ ಒಬ್ಬಾಕೆ ಮುಂದೆ ಬಂದಳು. ಕೋಪವಿರಲಿಲ್ಲ, ಅಳುವೂ ಇರಲಿಲ್ಲ. “ಹತ್ತೊತ್ತು ಹಾಲಾಕ್ದೋರ್ಗೆ ಮೂಟೆ ಐತೆ. ಒಂದೊತ್ತೂ ಹಾಕಕ್ಕಾಗ್ದೇ ಇರೋಳ್ಗೆ ಇಲ್ವಾ ಸ್ವಾಮಿ?” ಎಂದಳು. ಅವಳಿಗೆ ಇದ್ದದ್ದು ಒಂದೇ ಹಸು. ಜ್ವರ ಬಂದು ಅದರ ಹಾಲು ಪೂರಾ ಬತ್ತಿಹೋಗಿತ್ತು; ಆ ತಿಂಗಳಲ್ಲಿ ಒಂದು ಲೋಟವೂ ಕರೆಯಲಿಲ್ಲ. ಸೊನ್ನೆ ಹದಿನೈದಕ್ಕಿಂತ ಕಡಿಮೆ ಎಂಬುದನ್ನು ತಿಳಿಯಲು ಕಂಪ್ಯೂಟರು ಬೇಕೆ? ಆದರೂ ಅವಳ ಹೆಸರು ನನ್ನ ಪಟ್ಟಿಯಲ್ಲಿ ಇರಲಿಲ್ಲ.

ಏಕೆ ಇರಲಿಲ್ಲ? ಸಾಧಾರಣವಾದ ಜಾಯಿನ್ ಎರಡು ಕಡೆಯಲ್ಲಿಯೂ ಇರುವವರನ್ನು ಮಾತ್ರ ಜೋಡಿಸುತ್ತದೆ. ಸದಸ್ಯರ ಟೇಬಲ್ಲಿನಲ್ಲಿ ಅವಳಿದ್ದಳು. ಹಾಲಿನ ಟೇಬಲ್ಲಿನಲ್ಲಿ ಅವಳ ಚೀಟಿ ಇರಲಿಲ್ಲ. ಚೀಟಿ ಇಲ್ಲದ ಮೇಲೆ ರಾಶಿ ಎಲ್ಲಿಂದ ಬರಬೇಕು? ರಾಶಿಯೇ ಇಲ್ಲದ ಮೇಲೆ ಎಣಿಸುವುದು ಏನನ್ನು? ಯಂತ್ರಕ್ಕೆ ಅವಳು ಸೊನ್ನೆಯಾಗಿಯೂ ಕಾಣಲಿಲ್ಲ. ಹೀಗೆ ಆ ತಿಂಗಳು 18 ಜನ ಬಿಟ್ಟುಹೋಗಿದ್ದರು. ಕಷ್ಟ ಸ್ವಲ್ಪ ಇದ್ದವರು ಪಟ್ಟಿಗೆ ಬಂದರು. ಕಷ್ಟ ಪೂರ್ತಿ ಇದ್ದವರು ಪಟ್ಟಿಯಿಂದಲೇ ಹೊರಗೆ.

ಅಂದು ರಾತ್ರಿ ತಿದ್ದಲು ಕುಳಿತೆ. ಇದಕ್ಕೆ ಮದ್ದು ಆ ಭಾಷೆಯಲ್ಲಿಯೇ ಇದೆ. 1992ರ ಪ್ರಮಾಣದಲ್ಲಿಯೇ ಸೇರಿರುವ ‘ಲೆಫ್ಟ್ ಜಾಯಿನ್’ ಎಂಬ ಜೋಡಣೆ ಅದು. ಎಡಗಡೆಯ ಟೇಬಲ್ಲಿನಲ್ಲಿ ಇರುವವರನ್ನು ಯಾರನ್ನೂ ಬಿಡಬೇಡ. ಬಲಗಡೆಯಲ್ಲಿ ಜೊತೆ ಸಿಕ್ಕದಿದ್ದರೆ ಆ ಜಾಗವನ್ನು ಖಾಲಿ ಬಿಟ್ಟು ಮುಂದೆ ಹೋಗು ಎಂದು ಅದರ ಅರ್ಥ. ಸದಸ್ಯರನ್ನು ಎಡಕ್ಕೂ ಹಾಲನ್ನು ಬಲಕ್ಕೂ ಇಟ್ಟು ಲೆಫ್ಟ್ ಜಾಯಿನ್ ಮಾಡಿದೆ. ನೋಡುತ್ತೇನೆ, ಅವಳು ಇನ್ನೂ ಬಂದಿಲ್ಲ!

ಕಾರಣ ಹುಡುಕುವುದಕ್ಕೆ ಒಂದು ಗಂಟೆ ಹಿಡಿಯಿತು. ತಾರೀಖು ಈ ತಿಂಗಳಿನದಾಗಿರಬೇಕು ಎಂದು ನಾನು ವೇರ್ ಹಾಕಿದ್ದೆನಲ್ಲ, ಅದು ಬಾಗಿಲಲ್ಲಿ ಕಾವಲು ನಿಂತಿತ್ತು. ಲೆಫ್ಟ್ ಜಾಯಿನ್ ಅವಳನ್ನು ಒಳಗೆ ಕರೆದುಕೊಂಡು ಬಂತು. ಅವಳ ತಾರೀಖಿನ ಜಾಗ ಖಾಲಿ. ಖಾಲಿ ಎಂಬುದು ಈ ತಿಂಗಳಲ್ಲ. ಹೋಗಾಚೆ ಎಂದು ವೇರ್ ದಬ್ಬಿಬಿಟ್ಟಿತು. ತಾರೀಖಿನ ಮಾತನ್ನು ಅಲ್ಲಿಂದ ತೆಗೆದು ಜೋಡಣೆಯ ಷರತ್ತಿನಲ್ಲಿಯೇ, ಎಂದರೆ ‘ಆನ್’ ಎಂಬ ಮಾತಿನ ಮುಂದೆ, ಸೇರಿಸಬೇಕು. “ಸಂಖ್ಯೆಯೂ ಸೇರಿ, ತಾರೀಖೂ ಈ ತಿಂಗಳಿನದಾಗಿದ್ದರೆ ಜೋಡಿಸು, ಇಲ್ಲವಾದರೆ ಖಾಲಿ ಬಿಡು” ಎಂದು ಹೇಳಿದಂತಾಯಿತು. ಆಗ ಬಂದಳು. ಆದರೆ ಅವಳ ಮುಂದೆ ಎಣಿಕೆ ಎಷ್ಟೆಂದುಕೊಂಡಿರಿ? ಒಂದು! ಹಾಲನ್ನೇ ಕರೆಯದ ಹಸುವಿನಿಂದ ಒಂದು ಹೊತ್ತು ಹಾಲು!

ಇದು ಇನ್ನೊಂದು ಸೂಕ್ಷ್ಮ. ನಾನು ‘ಕೌಂಟ್ ನಕ್ಷತ್ರ’ ಎಂದು ಬರೆದಿದ್ದೆ. ಅದು ಸಾಲುಗಳನ್ನು ಎಣಿಸುತ್ತದೆ, ಸಾಲಿನೊಳಗೆ ಏನಿದೆ ಎಂದು ನೋಡುವುದಿಲ್ಲ. ಅವಳಿಗಾಗಿ ಖಾಲಿ ಜಾಗ ಬಿಟ್ಟ ಸಾಲು ಒಂದಿತ್ತು, ಅದನ್ನೇ ಎಣಿಸಿತು. ನಕ್ಷತ್ರದ ಜಾಗದಲ್ಲಿ ಹಾಲಿನ ಚೀಟಿಯ ಸಂಖ್ಯೆಯನ್ನು ಎಣಿಸು ಎಂದು ಹೇಳಿದರೆ, ಖಾಲಿ ಇರುವುದನ್ನು ಬಿಟ್ಟು ಉಳಿದದ್ದನ್ನು ಎಣಿಸುತ್ತದೆ. ಹಾಗೆ ತಿದ್ದಿದ ಮೇಲೆ ಅವಳ ಮುಂದೆ ಸೊನ್ನೆ ಬಂತು. ಸೊನ್ನೆಯನ್ನು ನೋಡಿ ಅಷ್ಟು ಸಂತೋಷ ನನಗೆ ಅದುವರೆಗೆ ಆಗಿರಲಿಲ್ಲ.

ಖಾಲಿ ಎಂಬುದಕ್ಕೆ ಈ ಭಾಷೆಯಲ್ಲಿ ‘ನಲ್’ ಎನ್ನುತ್ತಾರೆ. ಅದು ಸೊನ್ನೆಯಲ್ಲ. ಸೊನ್ನೆ ಒಂದು ಉತ್ತರ. ನಲ್ ಎಂದರೆ ಉತ್ತರ ಬರೆಯದ ಜಾಗ. ಎಣಿಕೆ ಕೇಳಿದರೆ ಸೊನ್ನೆ ಕೊಡುವ ಯಂತ್ರ, ಅದೇ ಹೆಂಗಸಿನ ಲೀಟರುಗಳ ಮೊತ್ತ ಕೇಳಿದರೆ ಸೊನ್ನೆ ಕೊಡದೆ ಖಾಲಿಯನ್ನೇ ಕೊಡುತ್ತದೆ. ಖಾಲಿ ಬಂದರೆ ಸೊನ್ನೆ ಎಂದು ತಿಳಿ ಎಂದು ನಾವೇ ಹೇಳಿಕೊಡಬೇಕು. ಈ ಜಾಗದಲ್ಲಿ ಎಡವಿದವರು ನಾವು ಮಾತ್ರವೇ ಅಲ್ಲ ಎಂಬುದೊಂದು ಸಮಾಧಾನ. ಒಂಬತ್ತನೆಯ ಶತಮಾನದಲ್ಲಿ ರಾಷ್ಟ್ರಕೂಟರ ನಾಡಿನಲ್ಲಿದ್ದ ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ವನ್ನು ಬರೆದ ಮಹಾಗಣಿತಜ್ಞರು, ಅವರೂ ಒಂದು ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದರೆ ಅದು ಬದಲಾಗದೆ ಉಳಿಯುತ್ತದೆ ಎಂದು ಬರೆದಿದ್ದಾರೆ. ಇಲ್ಲದ್ದನ್ನು ಲೆಕ್ಕಕ್ಕೆ ಹಿಡಿಯುವುದು ಯಾವ ಕಾಲಕ್ಕೂ ಕಷ್ಟವೇ.

ಎರಡನೆಯ ತಪ್ಪು ಮುಂದಿನ ತಿಂಗಳಿನದು. ಮಂಡಳಿಯವರು ಹಾಲಿನ ಎಣಿಕೆಯ ಪಕ್ಕದಲ್ಲಿಯೇ ಪ್ರತಿಯೊಬ್ಬರ ಸಾಲದ ಮೊತ್ತವೂ ಇರಲಿ ಎಂದರು. ಅದಕ್ಕೇನು ಎಂದು ಸಾಲದ ಟೇಬಲ್ಲನ್ನೂ ಅದೇ ಸಾಲಿಗೆ ಲೆಫ್ಟ್ ಜಾಯಿನ್ ಮಾಡಿದೆ. ಪಟ್ಟಿ ಅಂದವಾಗಿ ಬಂತು. ಕಾರ್ಯದರ್ಶಿಗೆ ಕೊಟ್ಟೆ. ಮೂವತ್ತು ವರ್ಷ ಕೈಬರಹದ ಕಿರ್ದಿ ಖಾತೆ ನಡೆಸಿದವರು. ಅವರು ಒಂದು ಹೆಸರನ್ನೂ ಓದಲಿಲ್ಲ. ಪೆನ್ಸಿಲು ಹಿಡಿದು ಎಣಿಕೆಯ ಕಲಮನ್ನು ಮೇಲಿನಿಂದ ಕೆಳಗೆ ಕೂಡುತ್ತ ಹೋದರು. ಕೂಡಿ, ಕನ್ನಡಕ ತೆಗೆದು, “ತಾಳೆ ಬೀಳುವುದಿಲ್ಲ ಸ್ವಾಮಿ. ಕಿರ್ದಿಯಲ್ಲಿ ಇರುವ ಚೀಟಿಗಳಿಗಿಂತ ನಿಮ್ಮ ಪಟ್ಟಿಯಲ್ಲಿ ಹೆಚ್ಚು ಚೀಟಿಗಳಿವೆ. ಇಲ್ಲಿ ನೋಡಿ, ಈತ 118 ಹೊತ್ತು ಹಾಕಿದ್ದಾನೆ. ಇವನ ಮನೆಯಲ್ಲಿ ದಿನಕ್ಕೆ ನಾಲ್ಕು ಹೊತ್ತೆ?” ಎಂದರು.

ಆದದ್ದು ಇಷ್ಟು. ಆ ಮನುಷ್ಯನಿಗೆ ಎರಡು ಸಾಲ ಇತ್ತು. ಅವನ ಒಂದೊಂದು ಹಾಲಿನ ಚೀಟಿಯೂ ಒಂದೊಂದು ಸಾಲದೊಡನೆ ಜೋಡಿಯಾಯಿತು. ಐವತ್ತೊಂಬತ್ತು ಚೀಟಿ, ಎರಡು ಸಾಲ, ನೂರ ಹದಿನೆಂಟು ಸಾಲುಗಳು. ಮದುವೆಮನೆಯಲ್ಲಿ ಗಂಡಿನ ಕಡೆಯವರು ಐದು ಜನ, ಹೆಣ್ಣಿನ ಕಡೆಯವರು ನಾಲ್ಕು ಜನ ಒಬ್ಬೊಬ್ಬರಿಗೂ ನಮಸ್ಕಾರ ಮಾಡಿದರೆ ನಮಸ್ಕಾರಗಳು ಇಪ್ಪತ್ತಾಗುತ್ತವೆ. ಹಾಗೆಂದು ನೆಂಟರು ಇಪ್ಪತ್ತು ಜನ ಎಂದರೆ ಊಟದ ಎಲೆ ಎಷ್ಟು ಹಾಕಬೇಕು? ನಾನು ನಮಸ್ಕಾರಗಳನ್ನು ಎಣಿಸಿ ನೆಂಟರೆಂದು ಬರೆದುಕೊಟ್ಟಿದ್ದೆ.

ಇದು ನಗುವ ಮಾತಾಗಿಯೇ ಉಳಿಯುತ್ತಿತ್ತು, ಹಿಂಡಿಯ ಪ್ರಶ್ನೆ ಇಲ್ಲದಿದ್ದರೆ. ಹತ್ತು ಹೊತ್ತು ಮಾತ್ರ ಹಾಲು ಹಾಕಿದ ಒಂದು ಮನೆಗೆ ಎರಡು ಸಾಲವಿತ್ತು. ಒಂದು 5,000, ಇನ್ನೊಂದು 3,000 ರೂಪಾಯಿ. ನನ್ನ ಪಟ್ಟಿಯಲ್ಲಿ ಅವರ ಹತ್ತು ಹೊತ್ತು ಇಪ್ಪತ್ತಾಯಿತು, ಹದಿನೈದನ್ನು ದಾಟಿತು, ಮೂಟೆ ತಪ್ಪಿತು. ಅತ್ತ 8,000 ರೂಪಾಯಿನ ಸಾಲ ಹತ್ತು ಚೀಟಿಗಳೊಡನೆ ಹತ್ತು ಸಲ ಕೂಡಿ 80,000 ಆಗಿ ಕೂತಿತ್ತು. ಹಸುವಿಗೆ ರೋಗ, ತಲೆಯ ಮೇಲೆ ಸಾಲ. ಅಂಥವರಿಗೆ ಹಾಲು ಹೆಚ್ಚಿದೆ ಎಂದು ನನ್ನ ಲೆಕ್ಕ ಹೇಳುತ್ತಿತ್ತು. ಸಾಲ ಹೆಚ್ಚಿದಷ್ಟೂ ಹಾಲು ಹೆಚ್ಚು! ಕಾರ್ಯದರ್ಶಿ ತಾಳೆ ನೋಡದಿದ್ದರೆ ಆ ಪಟ್ಟಿಯೇ ಜಗಲಿಯ ಮೇಲೆ ಓದಿಸಿಕೊಳ್ಳುತ್ತಿತ್ತು.

ಇದಕ್ಕೆ ಎರಡು ಮದ್ದುಗಳಿವೆ. ಒಂದು, ‘ಡಿಸ್ಟಿಂಕ್ಟ್’ ಎಂಬ ಮಾತು. ಬೇರೆ ಬೇರೆ ಚೀಟಿಗಳನ್ನು ಮಾತ್ರ ಎಣಿಸು, ಅದೇ ಚೀಟಿ ಮತ್ತೆ ಬಂದರೆ ಬಿಡು ಎಂದು ಅರ್ಥ. ಎಣಿಕೆಗೆ ಇದು ಸಾಕು; ಹತ್ತು ಹತ್ತೇ ಆಗುತ್ತದೆ. ಆದರೆ ಮೊತ್ತಕ್ಕೆ ಇದನ್ನು ನಂಬಬಾರದು. ಒಬ್ಬನಿಗೆ ಐದೈದು ಸಾವಿರದ ಎರಡು ಸಾಲ ಇದ್ದರೆ, ಎರಡೂ ಒಂದೇ ಅಂಕಿ ಎಂದು ಒಂದನ್ನು ಬಿಟ್ಟು ಐದು ಸಾವಿರ ಎಂದೇ ಹೇಳಿಬಿಡುತ್ತದೆ. ಹಾಗಾಗಿ ಗಟ್ಟಿಯಾದ ಮದ್ದು ಎರಡನೆಯದು: ಮೊದಲು ರಾಶಿ, ಆಮೇಲೆ ಜೋಡಣೆ. ಹಾಲಿನ ಟೇಬಲ್ಲನ್ನು ತಾನಾಗಿಯೇ ಗುಂಪು ಮಾಡಿ ಒಬ್ಬೊಬ್ಬರಿಗೆ ಒಂದೊಂದೇ ಸಾಲು ಮಾಡಿಕೊಳ್ಳಿ. ಸಾಲದ ಟೇಬಲ್ಲನ್ನೂ ಹಾಗೆಯೇ ಬೇರೆಯಾಗಿ ಗುಂಪು ಮಾಡಿಕೊಳ್ಳಿ. ಆಮೇಲೆ ಆ ಎರಡು ಖಾತೆಗಳನ್ನು ಸದಸ್ಯರ ಟೇಬಲ್ಲಿನ ಪಕ್ಕಕ್ಕೆ ಲೆಫ್ಟ್ ಜಾಯಿನ್ ಮಾಡಿ. ಒಂದಕ್ಕೆ ಒಂದೇ ಜೊತೆಯಾದರೆ ಯಾವುದೂ ಇಮ್ಮಡಿಯಾಗುವುದಿಲ್ಲ.

ಅಂದಿನಿಂದ ನಾನು ಕಾರ್ಯದರ್ಶಿಯ ಕ್ರಮವನ್ನೇ ಹಿಡಿದಿದ್ದೇನೆ. ಗುಂಪು ಮಾಡಿದ ಯಾವ ಪಟ್ಟಿ ಬಂದರೂ ಎರಡು ತಾಳೆ ನೋಡುತ್ತೇನೆ. ಮೊದಲನೆಯದು, ಪಟ್ಟಿಯಲ್ಲಿ ಎಷ್ಟು ರಾಶಿ ಇವೆ? ಸದಸ್ಯರು 212 ಇದ್ದರೆ, ಹ್ಯಾವಿಂಗ್ ಹಾಕುವ ಮೊದಲು ರಾಶಿಗಳೂ 212 ಇರಬೇಕು. ಕಡಿಮೆ ಇದ್ದರೆ ಯಾರೋ ಬಾಗಿಲ ಹೊರಗೆ ಉಳಿದಿದ್ದಾರೆ. ಎರಡನೆಯದು, ರಾಶಿಗಳ ಎಣಿಕೆಯನ್ನೆಲ್ಲ ಕೂಡಿದರೆ ಕಿರ್ದಿಯ ಎಣಿಕೆಗೆ ಸಮ ಬರುತ್ತದೆಯೆ? ಹೆಚ್ಚು ಬಂದರೆ ಎಲ್ಲಿಯೋ ಇಮ್ಮಡಿಯಾಗಿದೆ. ಕಡಿಮೆ ಬಂದರೆ, ಸದಸ್ಯ ಸಂಖ್ಯೆ ತಪ್ಪಾಗಿ ಬಿದ್ದು ವಾರಸುದಾರರಿಲ್ಲದ ಚೀಟಿಗಳು ಇವೆ ಎಂದು ಅರ್ಥ. ಅವನ್ನು ಹುಡುಕಬೇಕು, ಏಕೆಂದರೆ ಆ ಹಾಲೂ ಯಾರದೋ ಮನೆಯದೇ. ಎರಡು ನಿಮಿಷದ ಕೆಲಸ ಇದು.

ಕೇಳುತ್ತಿರುವವರಲ್ಲಿ ಬಹಳ ಮಂದಿಗೆ ಈ ಭಾಷೆಯಲ್ಲಿ ಬರೆಯುವ ಪ್ರಸಂಗ ಬಾರದೆ ಇರಬಹುದು. ಆದರೆ ಇಂಥ ಎಣಿಕೆಯಿಂದ ಹುಟ್ಟಿದ ಪಟ್ಟಿಗಳನ್ನು ಓದುವ, ನಂಬುವ, ಅವುಗಳಿಂದ ಲಾಭ ನಷ್ಟಗಳನ್ನು ಪಡೆಯುವ ಪ್ರಸಂಗ ನಮಗೆಲ್ಲರಿಗೂ ಬರುತ್ತದೆ. ಶಾಲೆಗೆ ಎಷ್ಟು ಉಪಾಧ್ಯಾಯರು ಎಂದು ಉಪಾಧ್ಯಾಯರ ಪಟ್ಟಿಯನ್ನು ಶಾಲೆಯ ಮೇರೆಗೆ ಗುಂಪು ಮಾಡಿ ಎಣಿಸಿದರೆ, ಒಬ್ಬರೇ ಇರುವ ಶಾಲೆ ಪಟ್ಟಿಯ ತಳದಲ್ಲಿ ಕಾಣುತ್ತದೆ. ಒಬ್ಬರೂ ಇಲ್ಲದ ಶಾಲೆ ಕಾಣುವುದೇ ಇಲ್ಲ. ಊರಿಗೆ ಎಷ್ಟು ಕೊಳವೆಬಾವಿ ಎಂದು ಎಣಿಸಿದರೂ ಹಾಗೆಯೇ. ಪಟ್ಟಿಯಲ್ಲಿ ಎಲ್ಲಕ್ಕಿಂತ ಕೆಳಗೆ ಇರುವವರನ್ನು ನೋಡಿ ಇವರೇ ಬಡವರು ಎಂದು ನಾವು ಮರುಗುತ್ತೇವೆ. ಅವರಿಗಿಂತ ಕೆಳಗೆ, ಕಾಗದದ ಅಂಚಿನ ಆಚೆ, ಇನ್ನೂ ಕೆಲವರು ನಿಂತಿರಬಹುದು. ಪಟ್ಟಿ ಕೈಗೆ ಬಂದಾಗ ಯಾರು ಯಾರು ಇದ್ದಾರೆ ಎಂದು ನೋಡುವಂತೆಯೇ ಯಾರು ಇಲ್ಲ ಎಂದೂ ಕೇಳುವ ಅಭ್ಯಾಸ ಮಾಡಿಕೊಳ್ಳುವುದು ಒಳ್ಳೆಯದು.

ಆ ಹೆಂಗಸಿನ ವಿಷಯ ಹೇಳಿ ಮುಗಿಸುತ್ತೇನೆ. ತಿದ್ದಿದ ಪಟ್ಟಿಯಂತೆ ಅವಳ ಮನೆಗೆ ಹಿಂಡಿಯ ಮೂಟೆ ಹೋಯಿತು. ಹಸು ಮೆಲ್ಲಗೆ ಚೇತರಿಸಿಕೊಂಡಿತು. ಮುಂದೆ ಕರು ಹಾಕಿತು. ಅದುವರೆಗೆ ತಿಂಗಳು ತಿಂಗಳೂ ಅವಳ ಹೆಸರಿನ ಮುಂದೆ ಸೊನ್ನೆ ಬರುತ್ತಲೇ ಇತ್ತು. ಒಂದು ತಿಂಗಳ ಕೊನೆಯ ದಿನ ಸಂಜೆ ಅವಳು ಪಾತ್ರೆ ಹಿಡಿದು ಸಾಲಿನಲ್ಲಿ ಬಂದು ನಿಂತಳಂತೆ. ಮಾರನೆಯ ದಿನ ಪಟ್ಟಿ ತೆಗೆದಾಗ ಅವಳ ಮುಂದೆ ಒಂದು ಎಂದು ಇತ್ತು. ಹಳೆಯ ತಪ್ಪೇ ಮರುಕಳಿಸಿತೇನೋ ಎಂದು ನಾನು ಗಾಬರಿಯಿಂದ ಕಾರ್ಯದರ್ಶಿಯನ್ನು ಕೇಳಿದೆ. ಅವರು ಕಿರ್ದಿ ತೆರೆದು ಆ ಚೀಟಿಯನ್ನು ತೋರಿಸಿದರು: ಸಂಜೆಯ ಹೊತ್ತು, ಎರಡು ಲೀಟರು.